ಜಾಹೀರಾತಿಗೇಕೆ ಅಷ್ಟು ಗಂಟಲು?

ಧಾರಾವಾಹಿಯಲ್ಲಿ ಅತ್ತೆ ಏನೋ ಪಿಸುಗುಡುತ್ತಾಳೆ. ಕೇಳಿಸಲಿಲ್ಲವೆಂದು ತಾತ ಟೀವಿಯ ದನಿ ಏರಿಸುತ್ತಾರೆ. ಅಷ್ಟರಲ್ಲಿ ಸೋಪಿನ ಜಾಹೀರಾತು ಅಬ್ಬರಿಸುತ್ತದೆ. ಒಳಕೋಣೆಯಲ್ಲಿ ಎಸ್ಸೆಸ್ಸೆಲ್ಸಿ ಗಣಿತಕ್ಕೆ ಕುಳಿತ ಮೊಮ್ಮಗಳು ‘ತಾತಾ, ಸ್ವಲ್ಪ ಕಡಿಮೆ ಮಾಡಿ’ ಎಂದು ಕೂಗುತ್ತಾಳೆ. ಬೆಳ್ಳಂದೂರಿನಂಥ ಕಡೆ, ಗೋಡೆಗೆ ಗೋಡೆ ಅಂಟಿಕೊಂಡ ಅಪಾರ್ಟ್‌ಮೆಂಟುಗಳಲ್ಲಿ, ಇದು ಪಕ್ಕದ ಮನೆಯವರಿಗೂ ಕೇಳಿಸುವ ಜಗಳ. ತಪ್ಪು ತಾತನದಲ್ಲ.

ಹಾಗಾದರೆ ಜಾಹೀರಾತು ಬಂದೊಡನೆ ಚಾನೆಲ್‌ನವರು ಗುಂಡಿ ತಿರುಗಿಸುತ್ತಾರೆಯೇ? ಅದರ ಅಗತ್ಯವೇ ಇಲ್ಲ. ಪ್ರಸಾರವಾಗುವ ಧ್ವನಿಗೆ ಒಂದು ಮೇಲ್ಮಿತಿ ಇದೆ. ಅದನ್ನು ಮೀರಿದರೆ ಧ್ವನಿ ಒಡೆಯುತ್ತದೆ. ಧಾರಾವಾಹಿಯೂ ಜಾಹೀರಾತೂ ಅದರೊಳಗೇ ಇರುತ್ತವೆ. ವ್ಯತ್ಯಾಸ ಇರುವುದು ಆ ಮಿತಿಯ ಕೆಳಗಿನ ಜಾಗವನ್ನು ತುಂಬುವ ರೀತಿಯಲ್ಲಿ.

ಬೆಳ್ಳಂದೂರಿನ ಹೊರವರ್ತುಲ ರಸ್ತೆಯನ್ನೇ ನೋಡಿ. ನಡುರಾತ್ರಿ ಆಗೊಂದು ಈಗೊಂದು ಲಾರಿ. ಸಂಜೆ ಇಂಚು ಜಾಗವಿಲ್ಲದಂತೆ ವಾಹನಗಳು. ರಸ್ತೆಯ ಅಗಲ ಮಾತ್ರ ಅದೇ. ಧಾರಾವಾಹಿಯಲ್ಲಿ ಪಿಸುಮಾತು, ಮೌನ, ಎಲ್ಲೋ ಒಮ್ಮೆ ಚೀರಾಟ. ಜಾಹೀರಾತಿನಲ್ಲಿ ಸಂಜೆಯ ರಸ್ತೆ. ‘ಕಂಪ್ರೆಸರ್’ ಎಂಬ ಸಾಧನದಿಂದ ಧ್ವನಿಯ ಏರುಗಳನ್ನು ತಗ್ಗಿಸಿ, ಬಳಿಕ ಒಟ್ಟು ಧ್ವನಿಯನ್ನು ಮಿತಿಯ ಅಂಚಿಗೆ ಎತ್ತುತ್ತಾರೆ. ಅಲ್ಲಿ ಪಿಸುಮಾತೂ ಕೂಗಿನಷ್ಟೇ ಎತ್ತರದಲ್ಲಿರುತ್ತದೆ. ನಮ್ಮ ಕಿವಿಯಾದರೋ ಕ್ಷಣಮಾತ್ರದ ಶಿಖರಕ್ಕಿಂತ ಸರಾಸರಿಗೇ ಹೆಚ್ಚು ಬೆಲೆ ಕೊಡುತ್ತದೆ. ಜೊತೆಗೆ, ಸುಮಾರು 2,000ದಿಂದ 5,000 ಹರ್ಟ್ಸ್‌ವರೆಗಿನ ಧ್ವನಿಗೆ ಕಿವಿ ಬಲು ಚುರುಕು. ಆ ಭಾಗವನ್ನು ಕೊಂಚ ಎತ್ತಿದರೂ ಸಾಕು, ಮಾತು ಕಿವಿಗೆ ಚುಚ್ಚುತ್ತದೆ.

ಕಾನೂನು ಇಲ್ಲವೆಂದಲ್ಲ. ಜಾಹೀರಾತಿನ ಧ್ವನಿ ವಿಪರೀತ ಜೋರಾಗಿರಬಾರದೆಂದು ನಮ್ಮ 1994ರ ಕೇಬಲ್ ಟೆಲಿವಿಷನ್ ನಿಯಮಗಳೇ ಹೇಳುತ್ತವೆ. ಆದರೆ ‘ವಿಪರೀತ’ ಎಂದರೆ ಎಷ್ಟು? ಅಳೆಯಲು ಕೋಲಿಲ್ಲದ ನಿಯಮ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಂತೆ. ಕಿವಿಗೆ ಕೇಳಿಸುವ ಜೋರನ್ನೇ ಅಳೆಯುವ ವಿಧಾನವನ್ನು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಪ್ರಕಟಿಸಿತು. ಅದರ ಆಧಾರದ ಮೇಲೆ ಅಮೆರಿಕ 2010ರಲ್ಲಿ ಕಾನೂನು ಮಾಡಿ, 2012ರ ಡಿಸೆಂಬರ್‌ನಿಂದ ಜಾರಿಗೆ ತಂದಿತು: ಜಾಹೀರಾತಿನ ಸರಾಸರಿ ಜೋರು ಕಾರ್ಯಕ್ರಮದ್ದನ್ನು ಮೀರಕೂಡದು. 2012ರಲ್ಲಿ ನಮ್ಮ ಟ್ರಾಯ್ ಹೊರಡಿಸಿದ ನಿಯಮಾವಳಿಯಲ್ಲೂ ಇಂಥದೇ ಮಾತಿತ್ತು.

ವಿಜ್ಞಾನ ಓದುವ ಮಕ್ಕಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಮೊಬೈಲಿನಲ್ಲಿ ಡೆಸಿಬೆಲ್ ತೋರಿಸುವ ಆ್ಯಪ್ ಹಾಕಿಕೊಂಡು, ಟೀವಿಯ ದನಿ ಬದಲಿಸದೆ, ಧಾರಾವಾಹಿ ಐದು ನಿಮಿಷ, ಜಾಹೀರಾತು ಐದು ನಿಮಿಷ ಅಳೆಯಲಿ. ಗರಿಷ್ಠ, ಸರಾಸರಿ ಎರಡನ್ನೂ ಬರೆದುಕೊಳ್ಳಲಿ. ಮೊಬೈಲಿನ ಲೆಕ್ಕ ಕರಾರುವಾಕ್ಕಲ್ಲ, ಹೋಲಿಕೆಗೆ ಸಾಕು.

ಇನ್ನು ತಾತನಿಗೆ ಉಪಾಯ. ಈಗಿನ ಹಲವು ಟೀವಿಗಳ ಸೆಟ್ಟಿಂಗ್‌ನಲ್ಲಿ ‘ಆಟೋ ವಾಲ್ಯೂಮ್’ ಅಥವಾ ‘ನೈಟ್ ಮೋಡ್’ ಇರುತ್ತದೆ. ಅದು ಪಿಸುಮಾತನ್ನು ಎತ್ತಿ ಅಬ್ಬರವನ್ನು ತಗ್ಗಿಸುತ್ತದೆ. ಸಂಗೀತ ಕಛೇರಿ ಕೇಳುವಾಗ ಮಾತ್ರ ಆಫ್ ಮಾಡುವುದು ಲೇಸು. ಇಲ್ಲದಿದ್ದರೆ ತಂಬೂರಿಯೂ ಮೃದಂಗವೂ ಒಂದೇ ಮಟ್ಟದಲ್ಲಿ ಕೇಳಿಸಿಯಾವು.