ವಿದ್ಯುತ್ ಮಾರುಕಟ್ಟೆ: ಶರಾವತಿ ಕಣಿವೆಗೆ ಮತ್ತೆ ಬಂದ ಬೇಡಿಕೆ

ಸಾಗರ ತಾಲ್ಲೂಕಿನ ವರದಮೂಲದಲ್ಲಿ ಹುಟ್ಟುವ ವರದಾ ನದಿ ಮೂಡಣ ಬಯಲಿನತ್ತ ಹರಿದು, ಹಾವೇರಿ ಜಿಲ್ಲೆಯ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಅದೇ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯದು ಪಡುವಣ ಹಾದಿ. ಘಟ್ಟದಿಂದ ಒಮ್ಮೆಲೇ ಕೆಳಗಿಳಿಯುವ ನದಿಯಾದ್ದರಿಂದಲೇ ಅದು ನಾಡಿಗೆ ಬೆಳಕು ಕೊಡುವ ನದಿಯಾಯಿತು. ಈಗ ದೂರದ ಮಹಾನಗರಗಳ ದತ್ತಾಂಶ ಕೇಂದ್ರಗಳು, ಅಂದರೆ ಡೇಟಾ ಸೆಂಟರ್‌ಗಳು, ವಿದ್ಯುತ್ ಮಾರುಕಟ್ಟೆಯ ಸ್ವರೂಪವನ್ನೇ ಬದಲಿಸುತ್ತಿರುವಾಗ ಈ ಕಣಿವೆಯ ಮುಂದೆ ಹೊಸ ಬೇಡಿಕೆಯೊಂದು ಬಂದು ನಿಂತಿದೆ.

ಅಗ್ಗದ ವಿದ್ಯುತ್ತಿನ ನೆಲೆ

ಜೋಗದ ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರ 1948ರಲ್ಲಿ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾದಾಗ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಗ್ರಾಮಗಳು ಮುಳುಗಿದವು. ಇಂದು ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್, ಗೇರುಸೊಪ್ಪೆಯದು 240 ಮೆಗಾವಾಟ್. ಹೊಸನಗರ ತಾಲ್ಲೂಕಿನ ಮಾಣಿ ಜಲಾಶಯದ ನೀರಿನಿಂದ ನಡೆಯುವ ವಾರಾಹಿ ಭೂಗತ ಕೇಂದ್ರದ್ದು 460 ಮೆಗಾವಾಟ್.

ಕಲ್ಲಿದ್ದಲು ಕೊಳ್ಳಬೇಕಿಲ್ಲ, ನಿರ್ಮಾಣದ ವೆಚ್ಚವೂ ಬಹುಪಾಲು ತೀರಿದೆ. ಹೀಗಾಗಿ ಇಲ್ಲಿನ ವಿದ್ಯುತ್ತು ರಾಜ್ಯಕ್ಕೆ ದೊರೆಯುವ ಅತ್ಯಂತ ಅಗ್ಗದ ವಿದ್ಯುತ್ತುಗಳಲ್ಲೊಂದು. ಆದರೆ ಜಲಾಶಯದಲ್ಲಿರುವ ನೀರಿಗೆ ಮಿತಿಯುಂಟು. ಮಳೆ ಕೈಕೊಟ್ಟ 2023ರಲ್ಲಿ ಕರ್ನಾಟಕವು ಉತ್ತರ ಪ್ರದೇಶ ಮತ್ತು ಪಂಜಾಬ್‌ಗಳಿಂದ ವಿನಿಮಯದ ಆಧಾರದಲ್ಲಿ ವಿದ್ಯುತ್ ತರಿಸಿಕೊಳ್ಳಬೇಕಾಯಿತು.

ಯೂನಿಟ್‌ಗಿಂತ ಗಳಿಗೆಗೆ ಬೆಲೆ

ವಿದ್ಯುತ್ ವಿನಿಮಯ ಕೇಂದ್ರದಲ್ಲಿ ದಿನವನ್ನು 15 ನಿಮಿಷಗಳ 96 ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗಕ್ಕೂ ಪ್ರತ್ಯೇಕ ದರ ನಿಗದಿಯಾಗುತ್ತದೆ. ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನದಂತಹ ಯೋಜನೆಗಳು ಬಂದ ಮೇಲೆ ಹಗಲಿನ ವಿದ್ಯುತ್ತು ಹೇರಳವಾಗಿ, ಅದರ ದರ ಕುಸಿಯುತ್ತಿದೆ. ಸೂರ್ಯ ಮುಳುಗಿ ಮನೆಮನೆಗಳಲ್ಲಿ ದೀಪ ಹತ್ತುವ ಹೊತ್ತಿಗೆ ದರ ಏರುತ್ತದೆ. ಒಮ್ಮೊಮ್ಮೆ ಯೂನಿಟ್‌ಗೆ 10 ರೂಪಾಯಿಯ ಗರಿಷ್ಠ ಮಿತಿಯನ್ನೂ ಮುಟ್ಟುತ್ತದೆ. ಹಿಂದೆ ಎಷ್ಟು ಯೂನಿಟ್ ಉತ್ಪಾದನೆಯಾಯಿತು ಎಂಬುದೇ ಮುಖ್ಯವಾಗಿತ್ತು. ಇಂದು ಯಾವ ಗಳಿಗೆಯಲ್ಲಿ ಎಂಬುದೂ ಅಷ್ಟೇ ಮುಖ್ಯ.

ದತ್ತಾಂಶ ಕೇಂದ್ರಗಳ ಪ್ರಶ್ನೆ ಎದುರಾಗುವುದು ಇಲ್ಲಿಯೇ. ಅವುಗಳಿಗೆ ಹಗಲಿರುಳೆಂಬ ಭೇದವಿಲ್ಲ. 50 ಮೆಗಾವಾಟ್ ಬೇಡಿಕೆಯ ಒಂದು ಕೇಂದ್ರ ನಿರಂತರವಾಗಿ ನಡೆದರೆ ದಿನಕ್ಕೆ 12 ಲಕ್ಷ ಯೂನಿಟ್, ತಿಂಗಳಿಗೆ 3.6 ಕೋಟಿ ಯೂನಿಟ್ ಬೇಕು. ತಿಂಗಳಿಗೆ 200 ಯೂನಿಟ್ ಬಳಸುವ 1.8 ಲಕ್ಷ ಮನೆಗಳಿಗೆ ಅದು ಸಾಕಾಗುತ್ತದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ, 2024ರಲ್ಲಿ ವಿಶ್ವದ ವಿದ್ಯುತ್ ಬಳಕೆಯ ಸುಮಾರು ಶೇ 1.5ರಷ್ಟು ಈ ಕೇಂದ್ರಗಳದ್ದು. 2030ರ ವೇಳೆಗೆ ಅವುಗಳ ಬಳಕೆ ದುಪ್ಪಟ್ಟಿಗೂ ಮೀರಲಿದೆ. ಭಾರತದಲ್ಲಿ ಈ ಉದ್ಯಮಕ್ಕೆ ಮುಂಬೈ, ಚೆನ್ನೈಗಳೇ ಮುಂಚೂಣಿಯ ನೆಲೆಗಳು. ಬೆಂಗಳೂರಿನತ್ತ ಹೂಡಿಕೆ ಸೆಳೆಯಲು ಕರ್ನಾಟಕವು 2022-27ರ ಅವಧಿಗೆ ಪ್ರತ್ಯೇಕ ನೀತಿಯನ್ನೇ ರೂಪಿಸಿತು.

ಕಣಿವೆಯೇ ಬ್ಯಾಟರಿ?

ಹಗಲಿನ ಅಗ್ಗದ ವಿದ್ಯುತ್ತನ್ನು ಇರುಳಿಗೆ ಕೂಡಿಡುವ ಬಗೆ ಹೇಗೆ? ಅದಕ್ಕೆ ಸರ್ಕಾರ ಮುಂದಿಟ್ಟಿರುವ ಉತ್ತರಗಳಲ್ಲಿ ಒಂದು 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ. ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಪಂಪ್ ಮಾಡುವುದು, ಬೇಡಿಕೆ ಏರಿದಾಗ ಅದನ್ನೇ ಸುರಂಗದ ಮೂಲಕ ಕೆಳಕ್ಕೆ ಬಿಟ್ಟು ವಿದ್ಯುತ್ ಪಡೆಯುವುದು ಇದರ ಕ್ರಮ.

ಇದರಿಂದ ವಿದ್ಯುತ್ತು ಹೆಚ್ಚುವುದಿಲ್ಲ ಎಂಬುದನ್ನು ಗಮನಿಸಬೇಕು. ಇಂತಹ ಯೋಜನೆಗಳಲ್ಲಿ ನೀರೆತ್ತಲು 100 ಯೂನಿಟ್ ಬಳಸಿದರೆ ಸಾಮಾನ್ಯವಾಗಿ 75ರಿಂದ 80 ಯೂನಿಟ್ ಮಾತ್ರ ಮರಳಿ ದೊರೆಯುತ್ತದೆ. ಲಾಭವಿರುವುದು ಹಗಲು ಮತ್ತು ಸಂಜೆಯ ದರಗಳ ಅಂತರದಲ್ಲಿ. ಆ ಅಂತರ ಕುಗ್ಗಿದರೆ ಯೋಜನೆಯ ಲೆಕ್ಕಾಚಾರವೂ ಬದಲಾಗುತ್ತದೆ. ಬ್ಯಾಟರಿಗಳ ಬೆಲೆ ಇತ್ತೀಚಿನ ವರ್ಷಗಳಲ್ಲಿ ವೇಗವಾಗಿ ಇಳಿದಿದೆ. ಕಾಡು ಕಡಿಯದೆ, ನಗರದ ಉಪಕೇಂದ್ರದ ಪಕ್ಕದಲ್ಲೇ ಅವನ್ನು ಸ್ಥಾಪಿಸಬಹುದು. ದೀರ್ಘ ತಾಸುಗಳ ಸಂಗ್ರಹಕ್ಕೆ, ದಶಕಗಳ ಬಾಳಿಕೆಗೆ ಜಲಾಶಯವೇ ಮೇಲು ಎಂಬ ವಾದವೂ ಇದೆ.

ಯೋಜನಾ ಪ್ರದೇಶವು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿರುವುದರಿಂದ ವಿರೋಧ ತೀವ್ರವಾಗಿದೆ. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವ 2019ರಲ್ಲಿ ಬಂದಾಗ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿದ್ದನ್ನೂ ಇಲ್ಲಿ ನೆನೆಯಬಹುದು. ಹಿನ್ನೀರಿನಿಂದ ಹೊರಜಗತ್ತಿನ ಸಂಪರ್ಕ ಕಳೆದುಕೊಂಡ ತುಮರಿ ಭಾಗದ ಜನರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ದೊರೆತದ್ದು 2025ರಲ್ಲಿ. ಅಲ್ಲಿಯವರೆಗೆ ಅವರು ಲಾಂಚ್‌ಗಾಗಿ ಕಾಯುತ್ತಿದ್ದರು. ಮುಳುಗಡೆ ಸಂತ್ರಸ್ತರ ಭೂಹಕ್ಕಿನ ಪ್ರಶ್ನೆ ಆರು ದಶಕಗಳ ಬಳಿಕವೂ ಪೂರ್ಣವಾಗಿ ಬಗೆಹರಿದಿಲ್ಲ.

ವೆಚ್ಚ ಯಾರ ತಲೆಗೆ?

ಅಡೆತಡೆಯಿಲ್ಲದ ಪೂರೈಕೆಗಾಗಿ ನಿರ್ಮಿಸುವ ಮಾರ್ಗ, ಉಪಕೇಂದ್ರ ಹಾಗೂ ಸಂಗ್ರಹ ವ್ಯವಸ್ಥೆಗಳ ವೆಚ್ಚ ಕೊನೆಗೆ ದರಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅದನ್ನು ಎಲ್ಲ ಗ್ರಾಹಕರಿಗೂ ಹಂಚಬೇಕೇ, ಇರುಳಿನ ಬೇಡಿಕೆ ಹೆಚ್ಚಿಸಿದವರಿಂದಲೇ ಪಡೆಯಬೇಕೇ ಎಂಬುದನ್ನು ತೀರ್ಮಾನಿಸುವ ವೇದಿಕೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ದರ ಪರಿಷ್ಕರಣೆಗೆ ಮುನ್ನ ಆಯೋಗವು ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ತುರ್ತಿಲ್ಲದ ಗಣಕ ಕಾರ್ಯಗಳನ್ನು ಹಗಲಿಗೆ ವರ್ಗಾಯಿಸುವ ಕೇಂದ್ರಗಳಿಗೆ ರಿಯಾಯಿತಿ, ಸ್ವಂತ ಸಂಗ್ರಹ ವ್ಯವಸ್ಥೆಯ ಷರತ್ತು ಮೊದಲಾದವನ್ನು ನಾಗರಿಕರು ಅಲ್ಲಿ ಕೇಳಬಹುದು. 1964ರಲ್ಲಿ ಕಣಿವೆ ತೆತ್ತ ಬೆಲೆ ಯಾವ ದರಪಟ್ಟಿಯಲ್ಲಿಯೂ ನಮೂದಾಗಲಿಲ್ಲ. ಎರಡನೆಯ ಬಾರಿ ಬೆಲೆ ಕೇಳುವ ಮುನ್ನ ಅದನ್ನು ಲೆಕ್ಕಕ್ಕೆ ಹಿಡಿಯುವುದು ನ್ಯಾಯ.