ಮಗ್ಗದ ಸದ್ದಿನಲ್ಲಿ ತೊದಲು ಮಾತು

ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗವಿರುವ ಮನೆಯೊಳಗೆ ಕಾಲಿಟ್ಟರೆ ನಮ್ಮ ಮಾತು ನಮಗೇ ಕೇಳಿಸದು. ಅಲ್ಲಿ ಬೆಳೆಯುವ ಕೂಸಿನ ಪಾಡೇನು? ಮಗು ಮಾತು ಕಲಿಯುವುದು ಬರಿಯ ಕಿವಿಯಿಂದಲ್ಲ. ತನ್ನ ತೊದಲಿಗೆ ಯಾರಾದರೂ ಓಗೊಟ್ಟಾಗ. ಮೆದುಳು ಅತಿ ವೇಗವಾಗಿ ಬೆಳೆಯುವುದೂ ಮೊದಲ ಮೂರು ವರ್ಷಗಳಲ್ಲೇ.

1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಅದರ ಅಂಗನವಾಡಿಗಳಲ್ಲಿ ಶಾಲಾಪೂರ್ವ ಕಲಿಕೆ ಮೂರು ತುಂಬಿದ ಮಕ್ಕಳಿಗೆ. ಅಲ್ಲಿಯವರೆಗೆ ಮನೆಯೇ ಪಾಠಶಾಲೆ.

ಅದಕ್ಕೆ ದುಡ್ಡು ಬೇಕಿಲ್ಲ. ಮಗ್ಗ ನಿಂತ ಬಿಡುವಿನಲ್ಲಿ, ಕರೆಂಟು ಹೋದ ಹೊತ್ತಿನಲ್ಲಿ, ಅಜ್ಜಿಯೋ ಅಪ್ಪನೋ ಕೂಸನ್ನು ಜಗಲಿಗೆ ತಂದು, ಮುಖ ನೋಡಿ, ಅದು ಅಂದದ್ದಕ್ಕೆ ಮರುಮಾತಾಡಿದರೆ ಸಾಕು. ಮಗ್ಗ ಕಾಯುತ್ತದೆ, ಆ ವಯಸ್ಸು ಕಾಯುವುದಿಲ್ಲ.