ವೈನ್ ದ್ರಾಕ್ಷಿಗೆ ಸಿಹಿಯಷ್ಟೇ ಸಾಲದು, ಹುಳಿಯೂ ಬೇಕು



ದ್ರಾಕ್ಷಿ ಎಂದೊಡನೆ ನಾವು ಮೊದಲು ನೋಡುವುದು ಸಿಹಿಯನ್ನು. ಸಂತೆಯ ಹಣ್ಣಿಗೆ, ಒಣದ್ರಾಕ್ಷಿಗೆ ಅದು ಸರಿ. ಆದರೆ ವೈನ್ ದ್ರಾಕ್ಷಿಯಲ್ಲಿ ಹುಳಿಗೂ ಅಷ್ಟೇ ಬೆಲೆಯುಂಟು. ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪದ ಬಿಳಿ ವೈನನ್ನು ಎರಡು ಗುಟುಕು ರುಚಿ ನೋಡಿದಾಗ ಈ ಮಾತು ನನಗೆ ಚೆನ್ನಾಗಿ ಮನದಟ್ಟಾಯಿತು. ನಿಂಬೆಯಂಥ ಚುರುಕು ಹುಳಿ, ತುಸು ಒಗರು, ಕೊನೆಗೆ ನಾಲಿಗೆಯ ಮೇಲೆ ಉಪ್ಪಿನ ಛಾಯೆ; ಸಿಹಿ ಎಂಬುದೇ ಇಲ್ಲ. ಬಿಸಿಲು ನಾಡಿನ ಹಣ್ಣಿನಲ್ಲಿ ಇಷ್ಟು ಹುಳಿ ಉಳಿದದ್ದು ಹೇಗೆ? ಕುಡಿತವನ್ನು ಪ್ರೋತ್ಸಾಹಿಸುವುದು ಈ ಲೇಖನದ ಉದ್ದೇಶವಲ್ಲ. ಬೆಳೆಗಾರನಿಗೆ ಇದರಲ್ಲಿರುವ ಪಾಠವನ್ನಷ್ಟೇ ನೋಡೋಣ.

ಬೂದಿ ಮಣ್ಣಿನ ದ್ವೀಪ

ಸುಮಾರು 3,600 ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು ಈ ದ್ವೀಪದ ಮೇಲೆ ಬೂದಿ ಮತ್ತು ಹಗುರ ಕಲ್ಲು ಹರಡಿತು. ವರ್ಷದ ಮಳೆ 400 ಮಿ.ಮೀ.ಗಿಂತ ಕಡಿಮೆ. ಗಾಳಿಯ ಹೊಡೆತ ತಪ್ಪಿಸಲು ಬಳ್ಳಿಯನ್ನು ಚಪ್ಪರಕ್ಕೆ ಏರಿಸದೆ, ನೆಲದ ಮೇಲೆಯೇ ಬುಟ್ಟಿಯಂತೆ ಸುತ್ತುತ್ತಾರೆ. ಗೊನೆಗಳು ಒಳಗೆ ನೆರಳಿನಲ್ಲಿರುತ್ತವೆ. ಅಲ್ಲಿಯ ಮುಖ್ಯ ತಳಿ ಅಸಿರ್ಟಿಕೊ. ಬಿಸಿಯಲ್ಲಿಯೂ ಹುಳಿ ಉಳಿಸಿಕೊಳ್ಳುವುದು ಅದರ ಗುಣ.

ಮಣ್ಣಿನಲ್ಲಿ ಪೊಟ್ಯಾಷ್ ಕಡಿಮೆ ಇರುವುದು ಇನ್ನೊಂದು ಕಾರಣ. ಪೊಟ್ಯಾಷ್ ಹೆಚ್ಚಾದರೆ ಅದು ರಸದಲ್ಲಿರುವ ಟಾರ್ಟಾರಿಕ್ ಆಮ್ಲದೊಡನೆ ಕೂಡಿ ಹರಳಾಗಿ ತಳಕ್ಕಿಳಿಯುತ್ತದೆ, ಹುಳಿ ಕುಂದುತ್ತದೆ.

ನಮ್ಮ ಜಿಲ್ಲೆಯ ಸ್ಥಿತಿ

2007ರಲ್ಲಿ ರಾಜ್ಯದ ವೈನ್ ನೀತಿ ಜಾರಿಗೆ ಬಂದಿತು. ಕುಷ್ಟಗಿ ತಾಲ್ಲೂಕಿನ ಗುಡ್ಡದ ಸೀಮೆಯ ಕ್ರಿಸ್ಮಾ ತೋಟದಲ್ಲಿ ಬೆಳೆದ ಸಾವಿನ್ಯಾಂ ಬ್ಲಾಂಕ್ ತಳಿಯಿಂದ ಬಿಳಿ ವೈನ್ ತಯಾರಾಗಿದೆ. ಆದ್ದರಿಂದ ಇದು ದೂರದ ಮಾತಲ್ಲ.

ನಮ್ಮಲ್ಲಿ ಹಣ್ಣು ಮಾಗುವುದು ಫೆಬ್ರವರಿ–ಮಾರ್ಚ್ ತಿಂಗಳಲ್ಲಿ, ಬಿಸಿಲು ಏರುವ ಹೊತ್ತಿಗೆ. ಬಿಸಿ ಏರಿದಂತೆ ಹಣ್ಣಿನಲ್ಲಿಯ ಮ್ಯಾಲಿಕ್ ಆಮ್ಲ ಬೇಗ ಕರಗುತ್ತದೆ. ಇನ್ನಷ್ಟು ಸಿಹಿಯಾಗಲೆಂದು ಒಂದು ವಾರ ಕಾದರೆ ಹುಳಿ ಕೈತಪ್ಪುತ್ತದೆ. ಕಾರ್ಖಾನೆಯವರು ಮಾಲು ಬೇಡವೆನ್ನಬಹುದು. ಸಣ್ಣ ಕಾಯಿಯ, ಬೀಜವುಳ್ಳ ಈ ಹಣ್ಣಿಗೆ ಸಂತೆಯಲ್ಲಿ ಗಿರಾಕಿಗಳಿಲ್ಲ. ವರ್ಷದ ದುಡಿಮೆ ಆ ಒಂದು ವಾರದ ಮೇಲೆ ನಿಂತಿರುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ನೀರು ಬಸಿದು ಹೋಗುವ ಮಸಾರಿ ಭೂಮಿ ಯೋಗ್ಯ. ಗಂಗಾವತಿಯ ಕಾಲುವೆ ಪ್ರದೇಶದ ನೀರು ನಿಲ್ಲುವ, ಸವುಳು ಗದ್ದೆಗಳಲ್ಲಿ ನಾಟಿ ಮಾಡಬಾರದು.

2. ಕೊಳವೆ ಬಾವಿ ನೀರಿನ ಉಪ್ಪಿನಂಶ ಪರೀಕ್ಷಿಸಿರಿ. ಡಾಗ್‌ರಿಡ್ಜ್ ಬೇರುಸಸಿ ಬರ ಮತ್ತು ಉಪ್ಪನ್ನು ತಡೆಯುತ್ತದೆ. ಆದರೆ ಪೊಟ್ಯಾಷನ್ನು ಹೆಚ್ಚಾಗಿ ಹೀರುತ್ತದೆ. ಮಣ್ಣು ಹಾಗೂ ಎಲೆತೊಟ್ಟಿನ ಪರೀಕ್ಷೆ ಮಾಡಿಸದೆ ಪೊಟ್ಯಾಷ್ ಹಾಕಬೇಡಿರಿ.

3. ಪಡುವಣ ಬದಿಯ ಎಲೆಗಳನ್ನು ಪೂರ್ತಿ ಕೀಳಬಾರದು. ಮಧ್ಯಾಹ್ನದ ಬಿಸಿಲಿಗೆ ಗೊನೆಗಳಿಗೆ ನೆರಳು ಬೇಕು.

4. ಕೊಯ್ಲಿಗೆ ಮೂರು ವಾರ ಮೊದಲಿನಿಂದ ಬೇರೆ ಬೇರೆ ಸಾಲುಗಳ ಬಿಸಿಲು, ನೆರಳು ಎರಡೂ ಬದಿಯಿಂದ 100 ಕಾಯಿ ಆರಿಸಿ ರಸ ತೆಗೆದು ಪರೀಕ್ಷಿಸಿರಿ. ಬಿಳಿ ವೈನಿಗೆ ಸಾಮಾನ್ಯವಾಗಿ ಸಕ್ಕರೆ 21–23 ಬ್ರಿಕ್ಸ್, ಆಮ್ಲ ಲೀಟರಿಗೆ 6–8 ಗ್ರಾಂ, ರಸಸಾರ 3.2–3.4 ಇರಬೇಕು.

5. ಕಾಯಿಯನ್ನು ಬಾಯಿಗೂ ಹಾಕಿಕೊಳ್ಳಿರಿ. ಬೀಜ ಕಂದು ಬಣ್ಣಕ್ಕೆ ತಿರುಗಿ, ರಸ ಸಿಹಿಯಾದ ನಂತರವೂ ದವಡೆಯಲ್ಲಿ ನೀರೂರಿದರೆ ಹುಳಿ ಉಳಿದಿದೆ ಎಂದರ್ಥ.

6. ಸೂರ್ಯೋದಯಕ್ಕೆ ಮೊದಲೇ ಕೊಯ್ದು, ಆಳವಿಲ್ಲದ ಕ್ರೇಟುಗಳಲ್ಲಿ ತುಂಬಿ ಅಂದೇ ಕಳಿಸಿರಿ.

7. ನಾಟಿಗೆ ಮೊದಲೇ ಖರೀದಿದಾರರೊಡನೆ ಲಿಖಿತ ಕರಾರು ಅತ್ಯವಶ್ಯ. ಬೆಲೆ, ಬ್ರಿಕ್ಸ್ ಮತ್ತು ಆಮ್ಲದ ಮಿತಿ, ಕೊಯ್ಲಿನ ದಿನ ನಿಗದಿ ಮಾಡುವವರು ಯಾರು ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ಕರಾರಿಲ್ಲದಿದ್ದರೆ ಈ ಬೆಳೆಗೆ ಕೈ ಹಾಕದಿರುವುದೇ ಲೇಸು.

ಸ್ಯಾಂಟೊರಿನಿಯ ಬೂದಿ ಮಣ್ಣನ್ನು ನಾವು ತರಲಾರೆವು. ಆದರೆ ಗೊನೆಗೆ ನೆರಳು, ಗೊಬ್ಬರದಲ್ಲಿ ಮಿತಿ, ಕೊಯ್ಲಿನಲ್ಲಿ ಸಮಯಪಾಲನೆ ಈ ಮೂರೂ ನಮ್ಮ ಕೈಯಲ್ಲಿವೆ. ಉಪಕರಣ ಸಿಹಿಯನ್ನು ಅಳೆಯಲಿ. ಹುಳಿಯ ಲೆಕ್ಕವನ್ನು ನಿಮ್ಮ ನಾಲಿಗೆಯೂ ಇಡಲಿ.